ಲಿನಕ್ಸ್ ಏಳೋಕೆ ಮುಂಚೆ ಸ್ವಿಚ್ ಹಾಕೋದು ಯಾರು?

ಬೀಗಲ್‌ಬೋನ್ ಬ್ಲ್ಯಾಕ್, 2013ರ ಪುಟ್ಟ ಬೋರ್ಡು. ಪವರ್ ಕೊಟ್ಟಾಗ ಲಿನಕ್ಸ್‌ಗಿಂತ ಮೊದಲು ಏಳೋದು ಯು-ಬೂಟ್ ಅನ್ನೋ ಬೂಟ್‌ಲೋಡರ್. ಯಾವ ಭಾಗಕ್ಕೆ ಎಷ್ಟು ವೋಲ್ಟ್ ಅಂತ ಟಿಪಿಎಸ್65217 ಪವರ್ ಚಿಪ್‌ಗೆ ಹೇಳೋದೂ ಅದೇ. ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು, 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ.

ಈ ಚಿಪ್‌ನ ಎರಡು ಔಟ್‌ಪುಟ್‌ಗಳು ರೆಗ್ಯುಲೇಟರೂ ಆಗ್ತವೆ, ಬರೀ ಸ್ವಿಚ್ಚೂ ಆಗ್ತವೆ. ಮೊದಲನೆಯದರ ರಿಜಿಸ್ಟರ್ ಹೆಕ್ಸ್ 14. ಅದರ 5ನೇ ಬಿಟ್ ಸೊನ್ನೆ ಆದ್ರೆ ಸ್ವಿಚ್, ಒಂದಾದ್ರೆ ರೆಗ್ಯುಲೇಟರ್.

ಆದ್ರೆ ಸೀದಾ ಬರೆದ್ರೆ ಚಿಪ್ ಕೇಳಲ್ಲ, ಪಾಸ್‌ವರ್ಡ್ ಬೇಕು! ಹೆಕ್ಸ್ 7ಡಿಗೂ 14ಕ್ಕೂ ಎಕ್ಸ್‌ಆರ್ ಮಾಡಿ: 69. ಅದನ್ನ ಪಾಸ್‌ವರ್ಡ್ ರಿಜಿಸ್ಟರ್‌ಗೆ ಹಾಕಿ, ಆಮೇಲೆ ಬೆಲೆ ಬರೀರಿ. ಮತ್ತೊಮ್ಮೆ ಪಾಸ್‌ವರ್ಡ್, ಮತ್ತೊಮ್ಮೆ ಬೆಲೆ. ಕಿರಿಕಿರಿ ನಿಜ. ಆದ್ರೆ ತಪ್ಪಿ ಬಂದ ಒಂದು ಬೈಟ್ ವೋಲ್ಟೇಜ್ ಬದಲಿಸಿದ್ರೆ ಬೋರ್ಡೇ ಹೋದೀತು.

ಬರೆದಾಯ್ತು ಅಂತ ಮುಂದೆ ಓಡಬೇಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಹೊಲದಾಗ ಮೂರೂ ಫೇಸ್ ಬಂದಾವೋ ಇಲ್ಲೋ ನೋಡೇ ಪಂಪ್‌ಸೆಟ್ ಸ್ಟಾರ್ಟರ್ ಒತ್ತೋದು. ಇಲ್ಲೂ ವೋಲ್ಟೇಜ್ ಸರಿಯಾಗಿ ಬಂದಿದೆಯೋ ಇಲ್ವೋ ಅಂತ ಪವರ್-ಗುಡ್ ರಿಜಿಸ್ಟರ್ ಓದಿ.

ಹರಪನಹಳ್ಳಿ, ಕೊಟ್ಟೂರು, ಹಡಗಲಿ ಹುಡುಗ್ರೇ ಹುಡುಗೀರೇ, ಯು-ಬೂಟ್ ಸೋರ್ಸ್ ಕೋಡ್ ಪುಕ್ಕಟೆ. ಪವರ್ ಡ್ರೈವರ್‌ಗಳ ಫೋಲ್ಡರ್ ತೆಗೀರಿ. ಅದರಲ್ಲಿ ಟಿಪಿಎಸ್65217ರ ಫೈಲ್ ಚಿಕ್ಕದು, ಒಂದೇ ಕೂತಲ್ಲಿ ಓದಬಹುದು.