ಹಡಗೇರುವ ಧಾನ್ಯಕ್ಕೆ ಎರಡು ರಹದಾರಿಗಳು

ರೈತನು ಬೆಳೆದ ಧಾನ್ಯವು ಕಡಲನ್ನು ದಾಟಬೇಕಾದರೆ ಅದಕ್ಕೆ ಎರಡು ರಹದಾರಿಗಳು ಬೇಕು. ಈ ಸರಕಿನಲ್ಲಿ ಕೀಟರೋಗಗಳಿಲ್ಲವೆಂದು ನಮ್ಮ ಸರಕಾರವು ಪರದೇಶಕ್ಕೆ ಕೊಡುವ ಮಾತು ಒಂದು. ಇದನ್ನು ಹೊರಗೆ ಕಳಿಸಲು ಅಡ್ಡಿಯಿಲ್ಲವೆಂದು ಅದೇ ಸರಕಾರವು ತನ್ನ ಪ್ರಜೆಗೆ ಕೊಡುವ ಅನುಮತಿ ಮತ್ತೊಂದು. ಮೊದಲನೆಯದರಲ್ಲಿ ನಾವು ಅಸಡ್ಡೆ ತೋರಿದರೆ ದೇಶದ ಮಾನ ಹೋಗುವುದು. ಎರಡನೆಯದರಲ್ಲಿ ಸರಕಾರವು ಆತುರ ತೋರಿದರೆ ರೈತನ ಬಾಳು ಕೆಡುವುದು.

ಖಾಪ್ರಾ ಎಂಬ ಕೀಟದ ತವರು ಭರತಖಂಡವೇ ಎಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಎರಡು ಮೂರು ಮಿಲಿಮೀಟರಿನ ಈ ಜೀರುಂಡೆಯು ಹಾರಲಾರದು. ಗೋಣಿಚೀಲವನ್ನೂ ಹಡಗನ್ನೂ ಸೇರಿ ಮನುಷ್ಯನ ವ್ಯಾಪಾರದೊಡನೆಯೇ ದೇಶಾಂತರ ಹೋಗುವುದು. ಇದರ ಮರಿಹುಳುವು ಗೋಡೆಯ ಬಿರುಕಿನಲ್ಲಡಗಿ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲುದು. 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡ ಈ ಪೀಡೆಯನ್ನು ನಿರ್ಮೂಲಗೊಳಿಸಲು ಅಮೆರಿಕೆಯವರು 1966ರವರೆಗೆ ಹೆಣಗಬೇಕಾಯಿತು. ಇಂತಹ ಅನುಭವವುಳ್ಳವರು ನಮ್ಮ ಅಕ್ಕಿಯ ಚೀಲವನ್ನು ಬಿಚ್ಚಿ ನೋಡಿದರೆ ಅದನ್ನು ದ್ವೇಷವೆನ್ನಲಾಗದು. ನಮ್ಮ ದೇಶವೂ 1914ರ ಕಾಯಿದೆಯಿಂದ ಮೊದಲ್ಗೊಂಡು ಹೊರಗಿನ ಪೀಡೆಗಳನ್ನು ಹೀಗೆಯೇ ತಡೆಯಲೆತ್ನಿಸಿದೆ.

1951ರ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಡಂಬಡಿಕೆಯಂತೆ, ಕಳಿಸುವ ದೇಶದ ಅಧಿಕಾರಿಯೇ ಸರಕನ್ನು ಪರೀಕ್ಷಿಸಿ ಸಸ್ಯಾರೋಗ್ಯದ ಪ್ರಮಾಣಪತ್ರವನ್ನು ಕೊಡುತ್ತಾನೆ. ವರ್ತಕನು ಮೊದಲು ಕೊಳ್ಳುವ ದೇಶದ ನಿಬಂಧನೆಗಳನ್ನು ತಿಳಿಯಬೇಕು. ಕೆಲವರು ಆಮದಿನ ಪರವಾನಗಿಯನ್ನು ಮುಂಗಡವಾಗಿ ಪಡೆಯಬೇಕೆನ್ನುವರು. ಕೆಲವರು ಇಂತಿಂತಹ ಕೀಟವಿಲ್ಲವೆಂದು ಹೆಸರು ಹಿಡಿದು ಬರೆಯಬೇಕೆನ್ನುವರು. ಬಳಿಕ ಸಸ್ಯ ಕ್ವಾರಂಟೈನ್ ಕಚೇರಿಗೆ ಅರ್ಜಿ ಹೋಗುವುದು. ಅಧಿಕಾರಿಯು ಮಾದರಿಯನ್ನು ತೆಗೆದು ನೋಡುವನು. ನಿಬಂಧನೆಯಿದ್ದಲ್ಲಿ ಸರಕಿಗೆ ವಿಷವಾಯುವಿನ ಹೊಗೆ ಕೊಡಿಸಬೇಕು.

ಇಷ್ಟಾದರೂ ಕಾಗದವು ಹುಳುವನ್ನು ಕೊಲ್ಲದು. ಶುದ್ಧಿಯು ಆರಂಭವಾಗಬೇಕಾದುದು ಬಂದರಿನಲ್ಲಲ್ಲ. ಕಣದಲ್ಲಿ, ಗಿರಣಿಯಲ್ಲಿ, ಉಗ್ರಾಣದಲ್ಲಿ. ತುಂಗಭದ್ರೆಯ ನೀರಿನಿಂದ ಬೆಳೆದ ಸೋನಾ ಮಸೂರಿಯನ್ನು ಪರದೇಶದ ಕನ್ನಡಿಗರು ತವರಿನ ನೆನಪಿನಿಂದ ಕೊಳ್ಳುತ್ತಾರೆ. ಹಳೆಯ ಚೀಲದಲ್ಲಿ ಹೊಸ ಅಕ್ಕಿ ತುಂಬಿ ಕಳಿಸುವ ಒಬ್ಬ ವರ್ತಕನ ಲೋಭವು ಸಾವಿರ ರೈತರ ಹೆಸರಿಗೆ ಮಸಿ ಬಳಿಯಬಲ್ಲುದು.

ಇನ್ನು ಎರಡನೆಯ ರಹದಾರಿ. 2022ರ ಏಪ್ರಿಲಿನಲ್ಲಿ ಜಗತ್ತಿಗೇ ಅನ್ನವಿಕ್ಕುವ ಮಾತು ಆಳುವವರ ಬಾಯಿಂದ ಕೇಳಿಬಂದಿತು. ಮೇ 13ರಂದು ಗೋದಿಯ ರಫ್ತು ನಿಷಿದ್ಧವಾಯಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಗೂ ಅದೇ ಗತಿಯಾಗಿ, 2024ರ ಸೆಪ್ಟೆಂಬರ್ 28ರವರೆಗೆ ಬಾಗಿಲು ತೆರೆಯಲಿಲ್ಲ. 1943ರ ವಂಗದೇಶದ ಕ್ಷಾಮವನ್ನು ಕಂಡ ನಾಡು ಮನೆಯ ಹಸಿವನ್ನು ಮೊದಲು ನೋಡಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊರಡಿಸಿದ ದಿನವೇ ಜಾರಿಗೆ ಬರುವ ಆಜ್ಞೆಯಿಂದ ಪಟ್ಟಣದವನಿಗೆ ಅಗ್ಗದ ಧಾನ್ಯ ದೊರೆತರೆ, ಅದರ ಬೆಲೆಯನ್ನು ತೆರುವವನು ಬೆಳೆದವನೇ ಅಲ್ಲವೆ?

ಆದುದರಿಂದ ನಾವು ಕೇಳುವುದು ಎರಡೇ. ಪ್ರಮಾಣಪತ್ರಕ್ಕೆ ಯೋಗ್ಯವಾದ ಧಾನ್ಯವನ್ನು ರೈತನೂ ವರ್ತಕನೂ ಸಿದ್ಧಪಡಿಸಲಿ. ಬಿತ್ತುವ ಮುನ್ನವೇ ತನ್ನ ನೀತಿಯನ್ನು ಸರಕಾರವು ಸಾರಲಿ. ಹೊರಗಿನವರ ನಂಬಿಕೆಯನ್ನು ಬಯಸುವ ದೇಶವು ತನ್ನ ರೈತನ ನಂಬಿಕೆಯನ್ನು ಮೊದಲು ಗಳಿಸಬೇಕು.