ಮಿದುಳಿನ ಕಾಡಿನಲ್ಲಿ ದಾರಿ ಕಂಡ ವೈದ್ಯ

ಬಿಸಿ ಪಾತ್ರೆಗೆ ಬೆರಳು ಸೋಂಕಿದೊಡನೆ ನಮ್ಮ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಚರ್ಮದಿಂದ ಹೊರಟ ಸುದ್ದಿಯು ನರಗಳ ಮೂಲಕ ಬೆನ್ನುಹುರಿಯನ್ನು ಮುಟ್ಟಿ, ಅಲ್ಲಿಂದ ಸ್ನಾಯುಗಳಿಗೆ ಆಜ್ಞೆಯಾಗಿ ಮರಳುವುದೇ ಇದಕ್ಕೆ ಕಾರಣ. ಈ ಸುದ್ದಿ ಸಾಗುವ ಹಾದಿ ಎಂತಹುದು? ಕೆರೆಯ ಕಾಲುವೆಗಳಂತೆ ನರತಂತುಗಳೆಲ್ಲವೂ ಒಂದರೊಳಗೊಂದು ಕೂಡಿ ಬಲೆಯಾಗಿವೆಯೇ? ಅಥವಾ ಕೈಯಿಂದ ಕೈಗೆ ಸಾಗುವ ಟಪಾಲಿನಂತೆ ಸುದ್ದಿಯು ಬೇರೆಬೇರೆ ಕೋಶಗಳನ್ನು ದಾಟಿ ಹೋಗುವುದೇ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರನ್ನು ಎರಡು ಪಕ್ಷಗಳಾಗಿ ಒಡೆದ ಪ್ರಶ್ನೆಯಿದು. ಇದಕ್ಕೆ ಉತ್ತರವನ್ನು ತೋರಿಸಿಕೊಟ್ಟವನು ಸ್ಪೇನ್ ದೇಶದ ವೈದ್ಯ ಸಾಂತಿಯಾಗೊ ರಮೋನ್ ಇ ಕಹಾಲ್.

ಕಹಾಲನು ಹುಟ್ಟಿದ್ದು ೧೮೫೨ರ ಮೇ ೧ರಂದು, ಒಂದು ಬೆಟ್ಟದೂರಿನಲ್ಲಿ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಶಸ್ತ್ರವೈದ್ಯನಾಗಿದ್ದ ತಂದೆಗೆ ಅದು ಸರಿಬೀಳದು. ಪಾಠಕ್ಕೆ ಒಗ್ಗದ ಮಗನನ್ನು ತಂದೆಯು ಕ್ಷೌರಿಕನ ಬಳಿಯೂ ಪಾದರಕ್ಷೆ ಹೊಲಿಯುವವನ ಬಳಿಯೂ ಕೆಲಸಕ್ಕೆ ಬಿಟ್ಟನು. ಕಡೆಗೆ ತಾನೇ ಎಲುಬುಗಳನ್ನು ಮುಂದಿಟ್ಟುಕೊಂಡು ಅಂಗರಚನಾಶಾಸ್ತ್ರವನ್ನು ಬೋಧಿಸಲು, ಅವುಗಳ ಚಿತ್ರ ಬರೆಯುತ್ತ ಹುಡುಗನಿಗೆ ವೈದ್ಯವಿದ್ಯೆಯ ರುಚಿ ಹತ್ತಿತು. ೧೮೭೩ರಲ್ಲಿ ಸರಗೋಸಾದಲ್ಲಿ ವೈದ್ಯ ಪದವಿ ಪಡೆದು, ಸೈನ್ಯದೊಡನೆ ಕ್ಯೂಬಾ ದ್ವೀಪಕ್ಕೆ ಹೋಗಿ, ಮಲೇರಿಯಾದಿಂದ ಬಳಲಿ ೧೮೭೫ರಲ್ಲಿ ಮರಳಿದನು. ಸೈನ್ಯದ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡನು.

ಮಿದುಳಿನ ತೆಳುಪದರವನ್ನು ಹಾಗೆಯೇ ನೋಡಿದರೆ ಕೊಂಬೆಗೆ ಕೊಂಬೆ ಹೆಣೆದ ದಟ್ಟ ಕಾಡಿನಂತೆ ಎಲ್ಲವೂ ಕಲಸಿಹೋಗಿರುತ್ತದೆ. ಇಟಲಿಯ ವೈದ್ಯ ಕಮಿಲ್ಲೊ ಗಾಲ್ಜಿ ೧೮೭೩ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದಿದ್ದನು. ಮಿದುಳಿನ ತುಂಡನ್ನು ಪೊಟ್ಯಾಸಿಯಮ್ ಡೈಕ್ರೋಮೇಟಿನಲ್ಲಿಯೂ ಬಳಿಕ ಸಿಲ್ವರ್ ನೈಟ್ರೇಟಿನಲ್ಲಿಯೂ ಅದ್ದಿದರೆ, ಕೆಲವೇ ಕೋಶಗಳು ಕೊಂಬೆರೆಂಬೆಗಳ ಸಹಿತ ಕಪ್ಪಾಗಿ ಎದ್ದು ಕಾಣುವುವು. ಆದರೆ ನರತಂತುಗಳು ಕೂಡಿ ಅಖಂಡ ಬಲೆಯಾಗಿವೆ ಎಂದೇ ಗಾಲ್ಜಿ ನಂಬಿದನು.

ಈ ವಿಧಾನದ ಮಾದರಿಗಳನ್ನು ೧೮೮೭ರಲ್ಲಿ ಮ್ಯಾಡ್ರಿಡಿನಲ್ಲಿ ಕಂಡ ಕಹಾಲನು ಅದನ್ನು ಎರಡು ಬಗೆಯಲ್ಲಿ ತಿದ್ದಿದನು. ಮೊದಲನೆಯದಾಗಿ, ತುಂಡನ್ನು ದ್ರಾವಣಗಳಲ್ಲಿ ಎರಡೆರಡು ಸಲ ಅದ್ದಿದನು. ಎರಡನೆಯದಾಗಿ, ಬೆಳೆದ ಪ್ರಾಣಿಗಳನ್ನು ಬಿಟ್ಟು ಭ್ರೂಣಗಳನ್ನೂ ಎಳೆಯ ಮರಿಗಳನ್ನೂ ಆರಿಸಿಕೊಂಡನು. ಬೆಳೆದ ನರತಂತುಗಳಿಗೆ ಕೊಬ್ಬಿನ ಹೊದಿಕೆಯಿದ್ದು ಬಣ್ಣ ಸರಿಯಾಗಿ ಹಿಡಿಯದು. ಎಳೆಯವುಗಳಿಗೆ ಆ ಅಡ್ಡಿಯಿಲ್ಲ. ಕಾಡು ಬೆಳೆಯುವ ಮೊದಲೇ ಸಸಿಗಳನ್ನು ನೋಡಿದಂತಾಯಿತು! ೧೮೮೮ರಲ್ಲಿ ಬಾರ್ಸಿಲೋನದಲ್ಲಿ ಹಕ್ಕಿಗಳ ಕಿರುಮಿದುಳನ್ನು ಪರೀಕ್ಷಿಸಿದಾಗ, ತಂತುಗಳ ತುದಿಗಳು ಪಕ್ಕದ ಕೋಶವನ್ನು ಬಳಸಿ ನಿಂತಿರುವುದನ್ನೂ ಅದರೊಡನೆ ಬೆರೆಯದಿರುವುದನ್ನೂ ಕಂಡನು. ಸುದ್ದಿಯು ಕವಲುತಂತುಗಳಿಂದ ಒಳಬಂದು ಉದ್ದನೆಯ ಅಕ್ಷತಂತುವಿನಿಂದ ಹೊರಹೋಗುವುದೆಂದೂ ಮುಂದೆ ತರ್ಕಿಸಿದನು.

ಸ್ಪ್ಯಾನಿಷ್ ಭಾಷೆಯ ಲೇಖನಗಳನ್ನು ಹೊರದೇಶಗಳಲ್ಲಿ ಓದುವವರು ಕಡಮೆ. ಆದ್ದರಿಂದ ೧೮೮೯ರಲ್ಲಿ ಕಹಾಲನು ತನ್ನ ಮಾದರಿಗಳೊಡನೆ ಬರ್ಲಿನ್ನಿನ ವಿದ್ವತ್ಸಭೆಗೆ ಹೋದನು. ಹಿರಿಯ ವಿಜ್ಞಾನಿ ಕೋಲಿಕರನು ಅವುಗಳನ್ನು ಕಣ್ಣಾರೆ ಕಂಡು ಒಪ್ಪಿದನು. ೧೮೯೧ರಲ್ಲಿ ವಾಲ್ಡೆಯರನು ಈ ಕೋಶಕ್ಕೆ ನ್ಯೂರಾನ್ ಎಂಬ ಹೆಸರನ್ನಿತ್ತನು.

೧೯೦೬ರ ನೊಬೆಲ್ ಪಾರಿತೋಷಕವನ್ನು ಗಾಲ್ಜಿ ಮತ್ತು ಕಹಾಲ್ ಹಂಚಿಕೊಂಡರು. ಸ್ವಾರಸ್ಯವೆಂದರೆ, ಗಾಲ್ಜಿ ತನ್ನ ಉಪನ್ಯಾಸದಲ್ಲಿ ಕಹಾಲನ ಸಿದ್ಧಾಂತವನ್ನೇ ವಿರೋಧಿಸಿದನು. ಅಂದಿನ ಉಪಕರಣಗಳಿಂದ ಆ ವಾದ ತೀರುವಂತಿರಲಿಲ್ಲ. ಎರಡು ನ್ಯೂರಾನುಗಳ ನಡುವಣ ಸಂದಿಯು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ೫೦,೦೦೦ದಲ್ಲಿ ಒಂದು ಪಾಲು; ಬೆಳಕಿನ ಸೂಕ್ಷ್ಮದರ್ಶಕಕ್ಕೆ ಎಟಕುವುದಕ್ಕಿಂತ ಹತ್ತು ಪಟ್ಟು ಕಿರಿದು. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದನ್ನು ತೋರಿಸಿತು. ಕಹಾಲನು ೧೯೩೪ರಲ್ಲಿಯೇ ತೀರಿಕೊಂಡಿದ್ದನು.

ಈ ಸಂದಿಯನ್ನು ಬಹುಮಟ್ಟಿಗೆ ರಾಸಾಯನಿಕ ವಸ್ತುಗಳ ಮೂಲಕ ಸುದ್ದಿ ದಾಟುತ್ತದೆ. ಮನೋರೋಗಗಳಿಗೆ ವೈದ್ಯರು ಕೊಡುವ ಅನೇಕ ಔಷಧಗಳು ಕೆಲಸ ಮಾಡುವುದೂ ಅಲ್ಲಿಯೇ. ಪ್ರಕೃತಿಯು ಗಾಲ್ಜಿಯ ಬಲೆಯನ್ನೂ ಪೂರಾ ಕೈಬಿಟ್ಟಿಲ್ಲ. ಬಾಚಣಿಗೆ ಜೆಲ್ಲಿ ಎಂಬ ಕಡಲಪ್ರಾಣಿಯ ಎಳೆಯ ಹಂತದಲ್ಲಿ ನರತಂತುಗಳು ನಿಜವಾಗಿಯೂ ಒಂದರೊಳಗೊಂದು ಕೂಡಿರುವುದು ೨೦೨೩ರಲ್ಲಿ ಪ್ರಕಟವಾಯಿತು. ನಮ್ಮ ಮಿದುಳಿನ ಮಟ್ಟಿಗೆ ಮಾತ್ರ ಕಹಾಲನು ಕಂಡ ದಾರಿಯೇ ಸರಿ. ಅವನು ಕೈಯಾರೆ ಬರೆದ ಚಿತ್ರಗಳನ್ನು ಇಂದಿಗೂ ನಾವು ಪಠ್ಯಪುಸ್ತಕಗಳಲ್ಲಿ ಕಾಣುತ್ತೇವೆ.