ಒತ್ತಿದರೆ ಹಿಗ್ಗುವ ಕಲ್ಲು

ಹಿಂಡಿದರೆ ನೀರು ಹೊರಬರುತ್ತದೆ ಎಂಬುದು ಲೋಕಾನುಭವ. ಒದ್ದೆ ಬಟ್ಟೆಯನ್ನಾಗಲಿ, ನೆನೆಸಿದ ಹುಣಸೆಹಣ್ಣನ್ನಾಗಲಿ ಹಿಂಡುವ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಕೆಲವು ಸರಂಧ್ರ ಖನಿಜಗಳು ಈ ಅನುಭವಕ್ಕೆ ವಿರುದ್ಧವಾಗಿ ವರ್ತಿಸುತ್ತವೆ. ನೀರಿನ ನಡುವೆ ಇರಿಸಿ ಬಲವಾಗಿ ಒತ್ತಿದಾಗ ಅವು ನೀರನ್ನು ಒಳಗೆ ತೆಗೆದುಕೊಂಡು ಹಿಗ್ಗುತ್ತವೆ. ಜಾನಪದದ ಅಭ್ಯಾಸಿಯಾದ ನಾನು ಈ ವಿಷಯದ ಕಡೆಗೆ ಹೊರಳಿದ್ದು ಕಲ್ಲುಕುಟಿಗರ ವೃತ್ತಿಜ್ಞಾನದ ಮೂಲಕ. ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ, ಒಣಮರದ ಬೆಣೆಗಳನ್ನು ಬಡಿದು, ನೀರುಣಿಸಿ, ಬೆಣೆ ಉಬ್ಬಿದಂತೆ ಬಂಡೆಯನ್ನು ಸೀಳುವ ವಿಧಾನ ಹಳೆಯದು. ಇವೆರಡೂ ಒಂದೇ ತತ್ತ್ವವೆಂದು ನಾನು ಮೊದಲು ಭಾವಿಸಿದ್ದೆ. ಅದು ತಪ್ಪು. ಏಕೆ ತಪ್ಪು ಎಂಬುದನ್ನು ತಿಳಿಯಲು ಖನಿಜದ ಒಳರಚನೆಯನ್ನೇ ನೋಡಬೇಕು.

ಈ ಖನಿಜಗಳ ಒಂದು ದೊಡ್ಡ ಬಳಗಕ್ಕೆ ಜಿಯೊಲೈಟ್ ಎಂದು ಹೆಸರು. ಸ್ವೀಡನ್ನಿನ ಖನಿಜತಜ್ಞ ಕ್ರಾನ್‌ಸ್ಟೆಡ್ 1756ರಲ್ಲಿ ಇಂಥ ಕಲ್ಲೊಂದನ್ನು ಕಾಯಿಸಿದಾಗ ಅದು ನೊರೆಯೆದ್ದು ಕುದಿದಂತೆ ಕಂಡಿತು. 'ಕುದಿಯುವ ಕಲ್ಲು' ಎಂಬರ್ಥದ ಗ್ರೀಕ್ ಪದಗಳಿಂದ ಅವನು ಈ ಹೆಸರನ್ನು ಕಟ್ಟಿದ. ನಡತೆಯನ್ನು ಕಂಡು ಹೆಸರಿಡುವುದು ನಮ್ಮ ಜನಪದರ ಕ್ರಮವೂ ಹೌದು. ದಖನ್ನಿನ ಬಸಾಲ್ಟ್ ಶಿಲೆಯ ಪೊಟರೆಗಳಲ್ಲಿ, ವಿಶೇಷವಾಗಿ ಪುಣೆ ಮತ್ತು ನಾಸಿಕ್ ಸುತ್ತಿನಲ್ಲಿ, ಜಿಯೊಲೈಟುಗಳು ಹೇರಳವಾಗಿ ದೊರೆಯುತ್ತವೆ. ವಿಜಯಪುರ, ಬೀದರ್‌ಗಳವರೆಗೆ ಹಬ್ಬಿರುವುದೂ ಇದೇ ಶಿಲಾಸ್ತರವೇ.

ಸಿಲಿಕಾನ್, ಅಲ್ಯೂಮಿನಿಯಂ ಹಾಗೂ ಆಮ್ಲಜನಕದ ಪರಮಾಣುಗಳು ಸೇರಿ ಕಟ್ಟಿದ ಚೌಕಟ್ಟು, ಅದರ ನಡುವೆ ಕಿರುಗಾಲುವೆಗಳು, ಕಾಲುವೆಗಳಲ್ಲಿ ಸೋಡಿಯಂನಂಥ ಲೋಹದ ಅಯಾನುಗಳು ಮತ್ತು ನೀರಿನ ಅಣುಗಳು: ಜಿಯೊಲೈಟಿನ ರಚನೆ ಸ್ಥೂಲವಾಗಿ ಹೀಗಿರುತ್ತದೆ. ಈ ಬಳಗದ ನ್ಯಾಟ್ರೊಲೈಟ್ ಎಂಬ ಖನಿಜದಲ್ಲಿ ಕಾಲುವೆಗಳು ದುಂಡಗಿರದೆ ಚಪ್ಪಟೆಯಾಗಿರುತ್ತವೆ. ಅದರ ಸ್ಫಟಿಕದ ಒಂದು ಘಟಕಕೋಶದಲ್ಲಿ 16 ನೀರಿನ ಅಣುಗಳಿವೆ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಯೋಂಗ್‌ಜೆ ಲೀ, ಥಾಮಸ್ ಫೋಗ್ಟ್ ಮೊದಲಾದವರು ಎರಡು ವಜ್ರಗಳ ಮೊನೆಗಳ ನಡುವೆ ಇದನ್ನು ಒತ್ತಿ, ಕ್ಷ-ಕಿರಣಗಳಿಂದ ಪರೀಕ್ಷಿಸಿ, 2002ರ ಹೊತ್ತಿಗೆ ಫಲಿತಾಂಶಗಳನ್ನು ಪ್ರಕಟಿಸಿದರು. ಸುತ್ತಲಿನ ದ್ರವದಲ್ಲಿ ನೀರಿದ್ದಾಗ, ಒತ್ತಡವು ವಾಯುಮಂಡಲದ ಸುಮಾರು 8 ಸಾವಿರ ಪಟ್ಟನ್ನು ದಾಟಿದ ಮೇಲೆ ಕಾಲುವೆಗಳಿಗೆ ಹೆಚ್ಚಿನ ನೀರು ನುಗ್ಗತೊಡಗುತ್ತದೆ. ಸುಮಾರು 15 ಸಾವಿರ ಪಟ್ಟಾಗುವಷ್ಟರಲ್ಲಿ ಅಣುಗಳ ಸಂಖ್ಯೆ 32ಕ್ಕೆ ಏರುತ್ತದೆ. ಚೌಕಟ್ಟಿನ ಸರಪಣಿಗಳು ತುಸು ಹೊರಳಿಕೊಳ್ಳುವುದರಿಂದ ಚಪ್ಪಟೆ ಕಾಲುವೆ ದುಂಡಗಾಗುತ್ತದೆ. ಕಲ್ಲು ಅಡ್ಡಲಾಗಿ ಹಿಗ್ಗಿ, ಉದ್ದಕ್ಕೆ ಸ್ವಲ್ಪ ಕುಗ್ಗುತ್ತದೆ. ಒತ್ತಡವನ್ನು ತೆಗೆದರೆ ಹೆಚ್ಚುವರಿ ನೀರು ಹೊರನಡೆದು ಮೊದಲಿನ ರಚನೆ ಮರಳುತ್ತದೆ. ರಂಧ್ರದೊಳಗೆ ಹೋಗಲಾಗದ ಎಣ್ಣೆಯಲ್ಲಿಟ್ಟು ಒತ್ತಿದರಾದರೋ ಇದೇ ಕಲ್ಲು ಎಲ್ಲ ಕಲ್ಲುಗಳಂತೆ ಕುಗ್ಗುತ್ತದೆ.

ಬೆಣೆಯ ಹೋಲಿಕೆ ಮುರಿದುಬೀಳುವುದು ಇಲ್ಲಿಯೇ. ಮರದ ಬೆಣೆ ಯಾರೂ ಒತ್ತದಿದ್ದರೂ ನೀರುಂಡು ಉಬ್ಬುತ್ತದೆ, ಉಬ್ಬಿ ಬಂಡೆಯನ್ನು ಒತ್ತುತ್ತದೆ. ಇಲ್ಲಿ ಒತ್ತಡವೇ ಮೊದಲು. ಅದಿಲ್ಲದೆ ಹೆಚ್ಚಿನ ನೀರು ಒಳಸೇರದು. ಕಲ್ಲು ಹಿಗ್ಗಿದರೂ, ಹೊರಗಿದ್ದ ನೀರು ಒಳಗೆ ಒತ್ತಾಗಿ ಅಡಕಗೊಳ್ಳುವುದರಿಂದ ಕಲ್ಲು-ನೀರು ಎರಡೂ ಸೇರಿ ಆಕ್ರಮಿಸುವ ಒಟ್ಟು ಜಾಗ ಕಡಿಮೆಯೇ ಆಗುತ್ತದೆ. ಕಲ್ಲುಕುಟಿಗರ ಅರಿವು ತನ್ನಷ್ಟಕ್ಕೆ ದೊಡ್ಡದು. ಅದನ್ನು ಆಧುನಿಕ ಸಂಶೋಧನೆಯ ಮುನ್ಸೂಚನೆಯೆಂದು ಬಿಂಬಿಸುವ ನಮ್ಮ ಕ್ಷೇತ್ರದ ಚಪಲ ಎರಡು ಜ್ಞಾನಗಳಿಗೂ ಅನ್ಯಾಯ ಮಾಡುತ್ತದೆ.

ಈ ವರ್ತನೆ ಪ್ರಯೋಗಾಲಯದ ಕೌತುಕವಾಗಿ ಉಳಿದಿಲ್ಲ. ಯೋನ್ಸೆ ವಿಶ್ವವಿದ್ಯಾಲಯದ ಲೀ ಅವರ ತಂಡ 2017ರಲ್ಲಿ ಕಯೊಲಿನೈಟ್ ಎಂಬ ಜೇಡಿಖನಿಜದಲ್ಲಿಯೂ ಇಂಥದೇ ಮಾರ್ಪಾಡನ್ನು ವರದಿ ಮಾಡಿತು. ಇದು ಕಾಲುವೆಗಳ ಖನಿಜವಲ್ಲ, ಪದರಗಳದು. ನೀರಿನೊಡನೆ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸುಮಾರು 75 ಕಿಲೋಮೀಟರ್ ಆಳದ ಒತ್ತಡದಲ್ಲಿ, ಪದರಗಳ ನಡುವೆ ನೀರು ಸೇರಿ ಅದರ ಗಾತ್ರ ಶೇ. 31ರಷ್ಟು ಹೆಚ್ಚುತ್ತದೆ. ಸಾಗರತಳದ ಶಿಲಾಫಲಕ ಮತ್ತೊಂದು ಫಲಕದಡಿ ಜಾರುವಲ್ಲಿ ಇಂಥ ಮಣ್ಣು ನೀರನ್ನು ಹೊತ್ತು ಕೆಳಗಿಳಿಯಬಲ್ಲದು. ಇನ್ನೂ ಆಳದಲ್ಲಿ ರಚನೆ ಕುಸಿದಾಗ ಆ ನೀರು ಬಿಡುಗಡೆಯಾಗುತ್ತದೆ. ನೀರು ಬೆರೆತ ಬಿಸಿಶಿಲೆ ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ಹಾಗೆ ಕರಗಿದ ಶಿಲಾಪಾಕವೇ ಮೇಲೇರಿ ಜ್ವಾಲಾಮುಖಿಗಳನ್ನು ತುಂಬುತ್ತದೆ.